ಮಾಸ್ತರರ ಕ್ಲಾರಿನೆಟ್ ಇದ್ದ ಫೋಲ್ಡರ್

ಸೋಮವಾರ ಬೆಳಿಗ್ಗೆ ಬ್ಯಾಂಡ್ ಮಾಸ್ತರರು ಶಹಾಬಾದಿನಿಂದ ವಾಡಿಗೆ ಬಂದು ನನ್ನ ರೆಕಾರ್ಡಿಂಗ್ ಕೋಣೆಯ ಬಾಗಿಲಲ್ಲಿ ನಿಂತಾಗ ಅವರ ಒಂದು ಕೈಯಲ್ಲಿ ಲಗ್ನಪತ್ರಿಕೆ ಇತ್ತು, ಇನ್ನೊಂದರಲ್ಲಿ ಲ್ಯಾಪ್‌ಟಾಪಿನ ಚೀಲ. ಅರಿಶಿನ ಹಚ್ಚಿದ ಪತ್ರಿಕೆಯನ್ನು ಮೊದಲು ಕೊಟ್ಟರು.

"ಶುಕ್ರವಾರ ನಮ್ಮ ಸಣ್ಣಾಕಿದು ಲಗ್ನ ಅದರಿ, ಚಂದಾಪುರದಾಗ. ಮನಿಮಂದಿ ಎಲ್ಲಾ ಕೂಡಿ ಬರಬೇಕು" ಎಂದರು. ಆಮೇಲೆ ಚೀಲವನ್ನು ಮೇಜಿನ ಮೇಲಿಟ್ಟು, "ಅದಕ್ಕೂ ಮೊದಲ ಇದಕ ಜರಾ ಜೀವ ಕೊಡ್ರಿ. ನನ್ನ ಕ್ಲಾರ್ನೆಟ್ ಕಾಣವಲ್ದು" ಎಂದರು.

ಅವರ ಹಿಂದೆ ಹಿರಿಮಗಳು ನಿಂತಿದ್ದಳು. ಆಕೆ ಚಿತ್ತಾಪುರದಲ್ಲಿ ಚಿಕ್ಕ ಮಕ್ಕಳ ಶಾಲೆಯ ಟೀಚರ್. ಮದುವೆಯ ಕಾಲದಲ್ಲಿ ಅಪ್ಪನ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಾಳೆ. ಹನ್ನೊಂದು ಗಂಡಸರ ನಡುವೆ, ಸ್ಪೀಕರು ಜನರೇಟರು ಹೊತ್ತ ತಳ್ಳುಗಾಡಿಯ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತು ಆಕೆ ನುಡಿಸುವುದನ್ನು ನೋಡಲೆಂದೇ ಜನ ಮನೆಯಿಂದ ಹೊರಗೆ ಬರುವುದುಂಟು.

ಆಕೆ ನುಡಿಸುವುದು ಅಪ್ಪನ ಕ್ಲಾರಿನೆಟ್ಟನ್ನೇ. ಎರಡು ವರ್ಷದ ಹಿಂದೆ ದಂತವೈದ್ಯರು ಮಾಸ್ತರರ ಮೇಲಿನ ಹಲ್ಲುಗಳನ್ನೆಲ್ಲ ತೆಗೆಯಬೇಕೆಂದಿದ್ದರು. ಕ್ಲಾರಿನೆಟ್ಟಿನ ಮೂತಿ ಆತುಕೊಳ್ಳುವುದೇ ಮೇಲಿನ ಹಲ್ಲುಗಳಿಗೆ. ಆಗ ಅವರು ನನ್ನ ಬಳಿ ಬಂದು, "ಹಲ್ಲು ಹೋಗೋದ್ರೊಳಗ ನನ್ನ ಸೂರೆಲ್ಲಾ ತೆಗೆದಿಟ್ಟಕೋರಿ" ಎಂದಿದ್ದರು. ಒಂದೊಂದು ಸ್ವರವನ್ನೂ ಮೆಲ್ಲಗೆ, ಹದವಾಗಿ, ಜೋರಾಗಿ ಎಂದು ಮೂರು ಸಲ ಊದಿಸಿ, ಒಂದು ಸ್ವರದಿಂದ ಇನ್ನೊಂದಕ್ಕೆ ಇಳಿಯುವ ಜಾರುಸ್ವರಗಳನ್ನು ಬೇರೆ ಊದಿಸಿ ರೆಕಾರ್ಡ್ ಮಾಡಿದೆ. ವಾಡಿ ಜಂಕ್ಷನ್ನಿನಲ್ಲಿ ರೈಲು ಕೂಗಿದಾಗಲೆಲ್ಲ ನಿಲ್ಲಿಸಿ, ಮತ್ತೆ ಶುರುಮಾಡಿ, ಅಂತೂ ಮುಗಿಸಿದೆವು. ಆ ತುಣುಕುಗಳನ್ನೆಲ್ಲ ಒಂದು ಪ್ಲಗಿನ್ನಿಗೆ ಜೋಡಿಸಿದೆ. ಸಂಗೀತದ ಸಾಫ್ಟ್‌ವೇರಿಗೆ ಸ್ವಂತ ವಾದ್ಯಗಳು ಕಡಿಮೆ; ಹೊರಗಿನಿಂದ ತಂದು ಕೂಡಿಸುವ ವಾದ್ಯವೇ ಪ್ಲಗಿನ್. ಕೀಬೋರ್ಡಿನಲ್ಲಿ ಒಂದು ಮನೆ ಒತ್ತಿದರೆ ಮಾಸ್ತರರು ಊದಿದ ಅದೇ ಸ್ವರ ಹೊರಡುತ್ತಿತ್ತು. ಅವರ ಹಲ್ಲು ಹೋದವು, ಬ್ಯಾಂಡಿನ ಕ್ಲಾರಿನೆಟ್ ನಿಲ್ಲಲಿಲ್ಲ.

ಹಿಂದಿನ ವಾರ ಸೇಡಂನ ಒಂದು ಮದುವೆಯಲ್ಲಿ, ಅತಿಥಿಗಳ ಮೇಲೆ ಗುಲಾಬಿ ನೀರು ಚಿಮ್ಮಿಸುವ ಯಂತ್ರ ತಳ್ಳುಗಾಡಿಯ ಕಡೆ ತಿರುಗಿ ನಿಂತುಬಿಟ್ಟಿತ್ತು. ಲ್ಯಾಪ್‌ಟಾಪ್ ಘಮಘಮಿಸುತ್ತಲೇ ಪ್ರಾಣ ಬಿಟ್ಟಿತು. ಪುಣ್ಯಕ್ಕೆ ಅದರ ಹಾರ್ಡ್‌ಡಿಸ್ಕ್ ಉಳಿದಿತ್ತು. ಹಿರಿಮಗಳು ಬೇರೆ ಲ್ಯಾಪ್‌ಟಾಪ್ ಹೊಂದಿಸಿ, ಎಲ್ಲವನ್ನೂ ನಕಲು ಮಾಡಿಕೊಂಡಿದ್ದಳು. ಆದರೆ ಸಾಫ್ಟ್‌ವೇರಿನ ವಾದ್ಯಗಳ ಪಟ್ಟಿಯಲ್ಲಿ ಕ್ಲಾರಿನೆಟ್ ಬರಲಿಲ್ಲ.

"ಒಂದು ತಾಸಿನ ಕೆಲಸರಿ. ಕುಂದ್ರಿ, ಚಾ ಕುಡಿದು ಹೋಗ್ರಿ" ಎಂದೆ.

ಆ ಮಾತು ನಾನು ಆಡಬಾರದಿತ್ತು.

ಸೆಟ್ಟಿಂಗ್ಸ್ ತೆರೆದು ನೋಡಿದೆ. ಪ್ಲಗಿನ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಪಟ್ಟಿಯಲ್ಲಿ ಎರಡೇ ಫೋಲ್ಡರ್‌ಗಳಿದ್ದವು. ಸಾಫ್ಟ್‌ವೇರ್ ತಾನೇ ಬರೆದುಕೊಂಡವು. ನಮ್ಮ ಸಾಮಾನೆಲ್ಲ ಇದ್ದದ್ದು ಡಿ ಡ್ರೈವಿನಲ್ಲಿ. ಅದರ ವಿಳಾಸ ಸೇರಿಸಿ ಸ್ಕ್ಯಾನ್ ಕೊಟ್ಟೆ. ಹಸಿರು ಗೆರೆ ಓಡಿತು. ಪ್ರತಿಧ್ವನಿ ಕೊಡುವ ಎರಡು ಪ್ಲಗಿನ್ ಬಂದವು, ಢೋಲಕ್ ಬಂತು. ಕ್ಲಾರಿನೆಟ್ ಬರಲಿಲ್ಲ. ಡಿ ಡ್ರೈವಿನೊಳಗೆ ಹೋಗಿ ಕಣ್ಣಾರೆ ನೋಡಿದೆ. 'ಅಪ್ಪನ ಕ್ಲಾರಿನೆಟ್' ಎಂಬ ಫೋಲ್ಡರ್ ಇತ್ತು, ಒಳಗೆ ಪ್ಲಗಿನ್ನಿನ ಫೈಲ್ ಇತ್ತು, ಪಕ್ಕದಲ್ಲಿ ಸ್ವರಗಳ ತುಣುಕುಗಳೆಲ್ಲ ಇದ್ದವು. ನನಗೆ ಕಾಣುವ ವಸ್ತು ಸಾಫ್ಟ್‌ವೇರಿಗೆ ಕಾಣುತ್ತಿರಲಿಲ್ಲ.

ನಮ್ಮದು ಹಳೆಯ ಮಾದರಿಯ ಪ್ಲಗಿನ್. ಹೊಸ ಮಾದರಿಯವಕ್ಕೂ ಹಳೆಯವಕ್ಕೂ ಹುಡುಕುವ ಪಟ್ಟಿಗಳು ಬೇರೆ ಬೇರೆ. ಹಳೆಯವುಗಳ ಪಟ್ಟಿಯಲ್ಲೂ ವಿಳಾಸ ಸೇರಿಸಿ ಮತ್ತೆ ಸ್ಕ್ಯಾನ್ ಮಾಡಿದೆ. ಇಲ್ಲ. ಒಳಫೋಲ್ಡರ್‌ಗಳನ್ನೂ ಹುಡುಕು ಎಂಬ ಗುರುತು ಹಾಕಿತ್ತೋ ಇಲ್ಲವೋ ನೋಡಿದೆ, ಹಾಕಿತ್ತು. ಮತ್ತೆ ಇಲ್ಲ.

ಆಗ ನನ್ನ ತಲೆಗೆ ಒಂದು ಅನುಮಾನ ಹೊಕ್ಕಿತು: ಇದು ಮೂವತ್ತೆರಡು ಬಿಟ್‌ನ ಪ್ಲಗಿನ್, ಹೊಸ ಸಾಫ್ಟ್‌ವೇರ್ ಅರವತ್ನಾಲ್ಕರದ್ದು, ಅದಕ್ಕೇ ಒಂದಕ್ಕೊಂದು ಕೂಡುತ್ತಿಲ್ಲ. ಎರಡರ ನಡುವೆ ಸೇತುವೆಯಾಗುವ ಪ್ರೋಗ್ರಾಂ ಹುಡುಕಿ, ಇಳಿಸಿಕೊಂಡು, ಕೂಡಿಸುವುದರಲ್ಲಿ ಮಧ್ಯಾಹ್ನವೆಲ್ಲ ಹೋಯಿತು. ಮಾಸ್ತರರು ಆ ಹೊತ್ತಿಗೆ ಪತ್ರಿಕೆ ಹಂಚಲು ಊರೊಳಗೆ ಹೋಗಿದ್ದರು. ಸಂಜೆ ಮುಂದೆ ಹಿರಿಮಗಳು ಸಣ್ಣ ದನಿಯಲ್ಲಿ ಕೇಳಿದಳು.

"ಅಣ್ಣಾ, ಹಳೇ ಲ್ಯಾಪ್‌ಟಾಪಿನ್ಯಾಗೂ ಅರವತ್ನಾಲ್ಕೇ ಇತ್ತಲ್ರಿ?"

ಹೌದು, ಅದರಲ್ಲೂ ಅರವತ್ನಾಲ್ಕೇ ಇತ್ತು. ಆ ಸಾಫ್ಟ್‌ವೇರನ್ನು ಹಾಕಿಕೊಟ್ಟವನೇ ನಾನು. ಅರ್ಧ ದಿನ ಇಲ್ಲದ ಹೊಳೆಗೆ ಸೇತುವೆ ಕಟ್ಟಿದ್ದೆ. ಆಕೆ ನಗಲಿಲ್ಲ, ಅದು ಆಕೆಯ ದೊಡ್ಡತನ.

ಮಂಗಳವಾರ ಆಕೆಗೆ ಶಾಲೆ ಇತ್ತು. ಲ್ಯಾಪ್‌ಟಾಪ್ ನನ್ನ ಬಳಿಯೇ ಉಳಿಯಿತು. ಆ ದಿನ ಆತುರಪಡದೆ ಕೂತು, ಸ್ಕ್ಯಾನ್ ಮಾಡುವಾಗ ಸಾಫ್ಟ್‌ವೇರ್ ಬರೆದಿಡುವ ಟಿಪ್ಪಣಿಯ ಫೈಲ್ ಹುಡುಕಿದೆ. ಮೊದಲ ಸಂಗತಿ ಅಲ್ಲೇ ತಿಳಿಯಿತು. ಒಂದು ಪ್ಲಗಿನ್ ಒಮ್ಮೆ ತೆರೆಯದೆ ಹೋದರೆ ಸಾಫ್ಟ್‌ವೇರ್ ಅದನ್ನು 'ಕೆಟ್ಟದ್ದು' ಎಂದು ಬೇರೆ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಆಮೇಲೆ ಎಷ್ಟು ಸಲ ಸ್ಕ್ಯಾನ್ ಕೊಟ್ಟರೂ ಅದರ ಮುಖ ನೋಡುವುದಿಲ್ಲ. ನಾನು ಸೋಮವಾರ ಮಾಡಿದ ಸ್ಕ್ಯಾನ್‌ಗಳಲ್ಲಿ ಕ್ಲಾರಿನೆಟ್ಟಿನ ಮಟ್ಟಿಗೆ, ಹಳೆಯ ಮಾದರಿಯ ಪಟ್ಟಿಗೆ ವಿಳಾಸ ಸೇರಿಸಿ ಮಾಡಿದ್ದೊಂದೇ ನಿಜ, ಆಮೇಲಿನವೆಲ್ಲ ನನ್ನ ಸಮಾಧಾನಕ್ಕೆ ಓಡಿದ ಹಸಿರು ಗೆರೆಗಳು.

ಆ ಪಟ್ಟಿ ಅಳಿಸಿ ಹೊಸದಾಗಿ ಸ್ಕ್ಯಾನ್ ಮಾಡಿದೆ. ಈ ಸಲ ಟಿಪ್ಪಣಿ ಉದ್ದವಾಗಿತ್ತು. ಕ್ಲಾರಿನೆಟ್ಟಿನ ಹಾಗೆಯೇ ಕಾಣದೆ ಹೋಗಿದ್ದ ಶಹನಾಯಿಯ ಪ್ಲಗಿನ್ನಿಗೆ ಬೇಕಾದ ವಿಂಡೋಸ್‌ನ ಒಂದು ಸಹಾಯಕ ಫೈಲ್ ಈ ಲ್ಯಾಪ್‌ಟಾಪಿನಲ್ಲಿ ಇಲ್ಲವೆಂದು ಬರೆದಿತ್ತು. ತಂದು ಹಾಕಿದೆ. ಶಹನಾಯಿ ಬಂತು! ಅದರ ಹಿಂದೆಯೇ ತುತ್ತೂರಿಯೂ ಬಂತು. ಖುಷಿಯಿಂದ ಎದ್ದು ಹೊರಗೆ ಹೋಗಿ, ಎದುರಿನ ಅಂಗಡಿಯಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು ತಿಂದೆ. ತಿನ್ನುತ್ತಾ ಪಟ್ಟಿ ನೋಡಿದೆ. ಕ್ಲಾರಿನೆಟ್ ಇರಲಿಲ್ಲ. ಟಿಪ್ಪಣಿಯಲ್ಲಿ ಅದರ ಸಾಲಿನ ಕೊನೆಗೆ 'ಫೈಲ್ ಸಿಗಲಿಲ್ಲ' ಎಂದಿತ್ತು, ಮಧ್ಯದಲ್ಲಿ ಏನೇನೋ ಕಸ. ಕಣ್ಣೆದುರಿಗಿರುವ ಫೈಲ್ ಸಿಗಲಿಲ್ಲವೆಂದರೆ ಫೈಲೇ ಕೆಟ್ಟಿರಬೇಕು ಎಂದುಕೊಂಡೆ. ಹೊಸದಾಗಿ ಇಳಿಸಿಕೊಳ್ಳೋಣವೆಂದರೆ, ಆ ಪ್ಲಗಿನ್ನನ್ನು ಯಾರೋ ಪರದೇಶದವರು ಒಬ್ಬರೇ ಕೂತು ಬರೆದು ಪುಕ್ಕಟೆ ಹಂಚಿದ್ದು. ಅವರ ಪುಟ ಈಗ ತೆರೆಯಲೇ ಇಲ್ಲ. ಚೀಲದಲ್ಲೇ ಇದ್ದ, ಗುಲಾಬಿ ನೀರು ಕುಡಿದ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕಿನಲ್ಲಿ ಫೈಲಿನ ಹೆಸರು ಹಾಕಿ ಹುಡುಕಿ, ಫೋಲ್ಡರಿನ ಕಡೆ ನೋಡದೆ ಅದೊಂದನ್ನೇ ಮತ್ತೊಮ್ಮೆ ನಕಲು ತೆಗೆದೆ. ಅಳತೆಯಲ್ಲಿ ಒಂದು ಚೂರೂ ವ್ಯತ್ಯಾಸವಿರಲಿಲ್ಲ. ಹೊಸ ನಕಲನ್ನು ಅದೇ ಫೋಲ್ಡರಿನಲ್ಲಿ ಹಾಕಿ, ಕೆಟ್ಟವುಗಳ ಪಟ್ಟಿ ಅಳಿಸಿ ಮತ್ತೆ ಸ್ಕ್ಯಾನ್ ಮಾಡಿದೆ. ಫಲವೂ ಅದೇ.

ಬುಧವಾರ ನನ್ನ ಧೈರ್ಯ ಕುಂದಿತು. ಹಳೆಯ ರೆಕಾರ್ಡಿಂಗುಗಳ ಮೂಲಪ್ರತಿ ನನ್ನ ಬೀರುವಿನಲ್ಲಿತ್ತು. ಬೇರೆ ಪ್ಲಗಿನ್ನಿನಲ್ಲಿ ಮೊದಲಿನಿಂದ ಜೋಡಿಸಿಬಿಡೋಣವೆಂದು ಅದನ್ನು ತೆರೆದೆ. ಮೊದಲ ತುಣುಕಿನಲ್ಲೇ ಮಾಸ್ತರರ ಕೆಮ್ಮು, ಆಮೇಲೆ "ಬಂತ್ ನೋಡ್ರಿ ನಿಮ್ಮ ಗಾಡಿ" ಎಂಬ ಮಾತು, ಇಬ್ಬರ ನಗು, ದೂರದ ರೈಲು. ಅಷ್ಟನ್ನೂ ಕತ್ತರಿಸಿ, ಒಂದೊಂದು ಸ್ವರದ ಆರಂಭ ಅಂತ್ಯ ಗುರುತಿಸಿ, ಜಾರುಗಳನ್ನು ಹೊಂದಿಸಲು ಹಿಂದೆ ನನಗೆ ತಿಂಗಳ ಮೇಲೆ ಹಿಡಿದಿತ್ತು. ಈಗ ಇದ್ದದ್ದು ಎರಡು ದಿನ. ಮಧ್ಯಾಹ್ನದ ಹೊತ್ತಿಗೆ ಏಳು ಸ್ವರ ಸಿದ್ಧವಾದವು, ಜಾರುಗಳಿಲ್ಲದೆ.

ಅಷ್ಟರಲ್ಲಿ ಮಾಸ್ತರರು ಬಂದರು. ಹೆಗಲಿಗೆ ಹಳೆಯ ಕ್ಲಾರಿನೆಟ್ಟಿನ ಪೆಟ್ಟಿಗೆ. ನಾನು ಏಳು ಸ್ವರಗಳನ್ನು ಒತ್ತಿ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಛಂದ ಅವರಿ. ಖರೆ ಹೇಳ್ಲೇನು? ಏಳು ಸೂರಿನ್ಯಾಗ ಲಗ್ನದ ಮೆರವಣಿಗ್ಯಾಗ ಮದಲಿಂಗನ್ನ ಕರ್ಕೊಂಡು ಬರ್ಲಿಕ್ ಆಗಂಗಿಲ್ರಿ. ಬರಬರ್ತಾ ಅರ್ಧ ದಾರಿಗಿ ನಿಂತುಬಿಡ್ತಾನ."

ಆಮೇಲೆ ಪೆಟ್ಟಿಗೆ ತೆರೆದು ಕ್ಲಾರಿನೆಟ್ ಜೋಡಿಸಿ, ಮೂತಿಯ ರೀಡ್ ಪಟ್ಟಿ ಒದ್ದೆ ಮಾಡಿ ಬಾಯಿಗಿಟ್ಟರು. ಕಟ್ಟಿಸಿದ ಹಲ್ಲಿನ ಸೆಟ್ಟು ಕಟಕಟ ಎಂದಿತು. ಹಂಸ ಕೂಗಿದಂತೆ ಒಂದು ಸದ್ದು ಬಂತು. ಎರಡನೆಯ ಸಲ ಊದಿದಾಗ ಹಲ್ಲಿನ ಸೆಟ್ಟು ಅರ್ಧ ಹೊರಗೆ ಬಂತು. ಅದನ್ನು ಒಳಗೆ ತಳ್ಳಿಕೊಂಡು ಅವರೇ ಮೊದಲು ನಕ್ಕರು.

"ಬೀಗರ ಮುಂದ ಹಿಂಗಾದರ, ಲಗ್ನ ಬಿಟ್ಟು ಎಲ್ಲಾರೂ ನನ್ನ ಹಲ್ಲೇ ಹುಡಕಬೇಕಾತದ!"

ನಾನೂ ನಕ್ಕೆ. ಅವರು ಕ್ಲಾರಿನೆಟ್ಟನ್ನು ಬಿಚ್ಚಿ, ಒಂದೊಂದೇ ತುಂಡನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟರು. "ಜನರ ಮಕ್ಕಳ ಲಗ್ನಕ್ಕೆಲ್ಲಾ ಊದೀನಿ. ಸಣ್ಣಾಕಿ, 'ಅಪ್ಪಾ, ನನ್ನ ಲಗ್ನಕ್ಕ ನಿನ್ನ ಕ್ಲಾರ್ನೆಟ್ಟೇ ಆಗಬೇಕು' ಅಂತಾಳರಿ. ಹ್ಯಾಂಗರ ಮಾಡ್ರಿ" ಎಂದು ಹೇಳಿ ಹೋದರು.

ಅವರು ಹೋದ ಮೇಲೆ ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಮೂರು ದಿನದಲ್ಲಿ ಎಷ್ಟೊಂದು ಬದಲಾವಣೆ ಮಾಡಿದ್ದೆನೆಂದರೆ, ಯಾವುದು ಮೊದಲಿನಿಂದ ಇತ್ತು, ಯಾವುದು ನಾನು ಸೇರಿಸಿದ್ದು ಎನ್ನುವುದೇ ಮರೆತಿತ್ತು. ಇದೇ ಫೈಲು ಹತ್ತು ದಿನದ ಹಿಂದೆ ಸರಿಯಾಗಿ ನುಡಿಯುತ್ತಿತ್ತು. ಹಾಗಾದರೆ ಅಲ್ಲಿಗೂ ಇಲ್ಲಿಗೂ ಏನೋ ಒಂದು ಬೇರೆಯಾಗಿರಲೇಬೇಕು. ಅದು ಗೊತ್ತಿರುವುದು ಆ ಎರಡೂ ಲ್ಯಾಪ್‌ಟಾಪನ್ನು ಬಳಸಿದ ಒಬ್ಬಳಿಗೆ ಮಾತ್ರ. ಇನ್ನು ಯಾವುದನ್ನೂ ಮುಟ್ಟುವುದಿಲ್ಲ, ನಾಳೆ ಆಕೆಯ ಎದುರು ಕೂತು ಒಂದೊಂದೇ ಕೇಳುತ್ತೇನೆ ಎಂದು ತೀರ್ಮಾನಿಸಿದೆ. ಏಳು ಸ್ವರದ ಕೆಲಸವನ್ನೂ ಅಲ್ಲಿಗೇ ಬಿಟ್ಟೆ. ಅದೊಂದೇ ನನ್ನ ಬಳಿ ಇದ್ದ ಆಸರೆ.

ಗುರುವಾರ ಬೆಳಿಗ್ಗೆ ಲ್ಯಾಪ್‌ಟಾಪಿನ ಚೀಲ ಹಿಡಿದು ಬಸ್ಸು ಹತ್ತಿ ಚಿತ್ತಾಪುರಕ್ಕೆ ಹೋದೆ. ಶಾಲೆ ತಲುಪಿದಾಗ ಮಕ್ಕಳು ವರಾಂಡದಲ್ಲಿ ಸಾಲಾಗಿ ಕೂತು ಊಟ ಮಾಡುತ್ತಿದ್ದರು. ಹಿರಿಮಗಳು ಒಬ್ಬೊಬ್ಬರಿಗೂ ಸಾರು ಬಡಿಸಿ, ಕೈ ತೊಳೆದುಕೊಂಡು ಬಂದಳು.

"ಸಿಕ್ತೇನ್ರಿ ಅಣ್ಣಾ?"

"ಇಲ್ಲವ್ವಾ. ನಿನ್ನ ಕೇಳ್ಲಿಕ್ ಬಂದೀನಿ."

ಖಾಲಿ ತರಗತಿಯಲ್ಲಿ ಕೂತೆವು. ಕರಿಹಲಗೆಯ ಮೇಲೆ ಆಕೆ ನಡುವೆ ಒಂದು ಗೆರೆ ಎಳೆದು, ಒಂದು ಕಡೆ 'ಹಳೇದು', ಇನ್ನೊಂದು ಕಡೆ 'ಹೊಸದು' ಎಂದು ಬರೆದಳು. ವಿಂಡೋಸ್ ಯಾವುದು, ಸಾಫ್ಟ್‌ವೇರ್ ಯಾವುದು, ಯಾವ ಡ್ರೈವ್, ಪ್ಲಗಿನ್ನುಗಳು ಎಲ್ಲಿದ್ದವು, ನಾನು ಕೇಳುತ್ತಾ ಹೋದೆ, ಆಕೆ ಬರೆಯುತ್ತಾ ಹೋದಳು. ಎರಡೂ ಕಡೆ ಒಂದೇ ಉತ್ತರ.

"ಎಲ್ಲಾ ಬರೋಬರ್ ಅದೇ ಅದರಿ. ಬರೇ ಹೆಸರು ಒಂದು ಬಿಟ್ಟು."

"ಯಾವ ಹೆಸರು?"

"ಫೋಲ್ಡರಿಂದರಿ. ಮೊದಲ ಇಂಗ್ಲಿಷಿನ್ಯಾಗ ಏನೋ ನಂಬರ್ ಹಚ್ಚಿ ನೀವು ಹೆಸರಿಟ್ಟಿದ್ರಲ್ಲ, ನನಗ ಸರಿ ಕಾಣ್ತಿದ್ದಿಲ್ಲ. ಹ್ಯಾಂಗೂ ಹೊಸಾ ಲ್ಯಾಪ್‌ಟಾಪ್ ಅಂತ ಹೇಳಿ, 'ಅಪ್ಪನ ಕ್ಲಾರಿನೆಟ್' ಅಂತ ಕನ್ನಡದಾಗ ನಾನೇ ಬರೆದೀನಿ." ನನ್ನ ಮುಖ ನೋಡಿ ಗಾಬರಿಯಾದಳು. "ಯಾಕರಿ, ತಪ್ಪಾತೇನು?"

ಸೋಮವಾರ ಆ ಹೆಸರನ್ನು ನೋಡಿದಾಗ ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದೆ. ಎರಡು ವರ್ಷದ ಹಿಂದೆ ನಾನೇ ಇಟ್ಟ ಹೆಸರು ಮರೆತು, ಹಳೆಯದರಲ್ಲೂ ಆಕೆ ಹಾಗೆಯೇ ಬರೆದಿದ್ದಳೆಂದು ತಿಳಿದಿದ್ದೆ. ಈಗ ಲ್ಯಾಪ್‌ಟಾಪ್ ತೆರೆದು, ನಾನು ಕಸವೆಂದು ಬಿಟ್ಟಿದ್ದ ಟಿಪ್ಪಣಿಯ ಆ ಸಾಲನ್ನು ಮತ್ತೆ ನೋಡಿದೆ. ಡಿ ಡ್ರೈವಿನ ಹೆಸರಿದೆ, ಪ್ಲಗಿನ್‌ಗಳ ಫೋಲ್ಡರಿನ ಹೆಸರಿದೆ, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆಗಳು. ಎಣಿಸಿದೆ. ಐದು, ಒಂದು ಖಾಲಿ ಜಾಗ, ಆಮೇಲೆ ಹತ್ತು. ಕಂಪ್ಯೂಟರು ಕೊಂಬು, ಗುಡಿಸು, ಒತ್ತು ಎಲ್ಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. 'ಅಪ್ಪನ' ಎನ್ನುವುದಕ್ಕೆ ಐದು, 'ಕ್ಲಾರಿನೆಟ್' ಎನ್ನುವುದಕ್ಕೆ ಹತ್ತು. ವಿಂಡೋಸಿಗೆ ಕನ್ನಡ ಬರುತ್ತದೆ. ಅದಕ್ಕೇ ನಮ್ಮ ಕಣ್ಣಿಗೆ ಹೆಸರು ಸರಿಯಾಗಿ ಕಾಣುತ್ತಿತ್ತು. ಹಳೆಯ ಪ್ಲಗಿನ್‌ಗಳನ್ನು ಹುಡುಕಲು ಸಾಫ್ಟ್‌ವೇರ್ ಇಟ್ಟುಕೊಂಡ ಚಿಕ್ಕ ಪ್ರೋಗ್ರಾಮಿಗೆ ಇಂಗ್ಲಿಷ್ ಅಕ್ಷರಗಳ ಆಚೆ ಏನೂ ಬರುತ್ತಿರಲಿಲ್ಲ. ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನೆ ಹಾಕಿಕೊಂಡು, ಅಂಥ ಫೋಲ್ಡರ್ ಎಲ್ಲೂ ಇಲ್ಲವೆಂದು ವಾಪಸು ಬರುತ್ತಿತ್ತು.

ಆಕೆಗೆ ವಿವರಿಸಿದೆ. ಪರದೆಯ ಮೇಲಿನ ಹೆಸರನ್ನು ನೋಡುತ್ತಾ ಕೇಳಿದಳು. "ಇಂಗ್ಲಿಷ್ ಅಕ್ಷರದಾಗ 'ಅಪ್ಪ' ಅಂತ ಬರೆದರ ನಡಿತದೇನ್ರಿ?"

"ನಡೀತದ. ನೀನೇ ಬರಿ."

ನಾಲ್ಕು ಅಕ್ಷರ ಒತ್ತಿದಳು. ನಾನು ಕೆಟ್ಟವುಗಳ ಪಟ್ಟಿ ಅಳಿಸಿ ಸ್ಕ್ಯಾನ್ ಕೊಟ್ಟೆ. ಹಸಿರು ಗೆರೆ ಓಡತೊಡಗಿತು. ಪ್ರತಿಧ್ವನಿಗಳು ದಾಟಿದವು, ಢೋಲಕ್ ದಾಟಿತು, ಆಮೇಲೆ ಗೆರೆ ಒಂದು ಕಡೆ ನಿಂತುಬಿಟ್ಟಿತು. ಸ್ವರದ ತುಣುಕುಗಳು ಬಹಳ ಇದ್ದುದರಿಂದ ಅದು ತಡೆದಿತ್ತು, ಅಷ್ಟೇ. ಮುಂದಕ್ಕೆ ಸರಿಯಿತು. ಪಟ್ಟಿಯ ಕೆಳಗೆ ಕ್ಲಾರಿನೆಟ್ ಬಂದು ಕೂತಿತು.

ಕೀಬೋರ್ಡ್ ತಂದಿರಲಿಲ್ಲ. ಲ್ಯಾಪ್‌ಟಾಪಿನ ಅಕ್ಷರದ ಮನೆಗಳನ್ನೇ ಸ್ವರದ ಮನೆ ಮಾಡಿಕೊಂಡು ಹಿರಿಮಗಳು ಒಂದು ಮನೆ ಒತ್ತಿದಳು. ಸಣ್ಣ ಸ್ಪೀಕರಿನಿಂದ ಮಾಸ್ತರರ ಷಡ್ಜ ಬಂತು. ಇನ್ನೊಂದು ಒತ್ತಿದಳು. ಆಮೇಲೆ ತಡೆಯಲಾಗದೆ ಮದುವೆಯ ಮೆರವಣಿಗೆಯ ಒಂದು ಧಾಟಿಯನ್ನೇ ಎತ್ತಿಕೊಂಡಳು. ವರಾಂಡದಿಂದ ಮೊದಲು ಒಂದು ತಲೆ ಇಣುಕಿತು, ಆಮೇಲೆ ನಾಲ್ಕು. ಮರುಗಳಿಗೆಗೆ ಅನ್ನದ ಕೈಯಲ್ಲೇ ಮಕ್ಕಳೆಲ್ಲ ಒಳಗೆ ನುಗ್ಗಿ ಕುಣಿಯತೊಡಗಿದರು. ಹೆಡ್‌ಮೇಡಂ ಗದರಿಸಲೆಂದು ಬಂದವರು ಬಾಗಿಲಲ್ಲೇ ನಿಂತು, "ಯಾರದವ್ವ ಲಗ್ನ?" ಎಂದರು.

"ನನ್ನ ತಂಗೀದರಿ!" ಎಂದು ನುಡಿಸುತ್ತಲೇ ಕೂಗಿದಳು.

ಅಪ್ಪನಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ನಡೆದದ್ದು ಹೇಳಿದೆ.

"ಅಂದರ ಅದಕ ಕನ್ನಡ ಓದ್ಲಿಕ್ ಬರಾಂಗಿಲ್ಲೇನ್ರಿ? ಅಷ್ಟಕ್ಕ ನಾಕು ದಿನ ನಮ್ಮನ್ನ ಪರೇಶಾನ್ ಮಾಡ್ತಾ?" ಎಂದು ಜೋರಾಗಿ ನಕ್ಕರು. "ಇರ್ಲಿ ಬಿಡ್ರಿ. ಎದಿ ಹಗರಾತು. ನಾಳಿ ಜಲ್ದಿ ಬರ್ರಿ."

ಅಂದೇ ಕೂತು ಎಲ್ಲವನ್ನೂ ಎರಡು ಪೆನ್‌ಡ್ರೈವಿಗೆ ನಕಲು ತೆಗೆದೆ. ಲ್ಯಾಪ್‌ಟಾಪಿಗೆ ದಪ್ಪ ಪ್ಲಾಸ್ಟಿಕ್ಕಿನ ಹೊದಿಕೆ ಮಾಡಿ, ವೈರು ಹೋಗುವಷ್ಟು ಮಾತ್ರ ಕತ್ತರಿಸಿದೆ. ಗುಲಾಬಿ ನೀರಿನ ಯಂತ್ರಗಳ ಮೇಲೆ ನನಗೆ ನಂಬಿಕೆ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೆಂಡತಿಯೊಡನೆ ಸೇಡಂ, ಸುಲೇಪೇಟ ದಾಟಿ ಚಂದಾಪುರ ಮುಟ್ಟಿದೆ. ಮದುಮಗನ ಮೆರವಣಿಗೆ ಹನುಮಂತ ದೇವರ ಗುಡಿಯಿಂದ ಹೊರಡುವುದಿತ್ತು. ತಳ್ಳುಗಾಡಿಯ ಮೇಲೆ ಹಿರಿಮಗಳು ರೇಷ್ಮೆ ಸೀರೆಯಲ್ಲಿ ಕೂತಿದ್ದಳು. ಎಲ್ಲ ಸರಿಯಿದೆಯೆಂದು ಒಮ್ಮೆ ನೋಡಿಕೊಂಡು ನಾನು ಕಲ್ಯಾಣಮಂಟಪಕ್ಕೆ ಬಂದೆ. ಬಾಗಿಲಲ್ಲಿ ಮಾಸ್ತರರು ನಿಂತಿದ್ದರು. ಹೊಸ ಧೋತರ, ತಲೆಗೆ ರುಮಾಲು, ಕೈಯಲ್ಲಿ ಮದುಮಗನಿಗೆ ಹಾಕಲು ದಪ್ಪನೆಯ ಸೇವಂತಿಗೆ ಹಾರ. ಹೆಣ್ಣಿನ ತಂದೆ ಅವರು, ಬರುವವರನ್ನು ಎದುರುಗೊಳ್ಳಬೇಕಾದವರು.

"ನನಗ ಇಲ್ಲಿ ನಿಂದ್ರಾದೇ ಗೊತ್ತಿಲ್ರಿ" ಎಂದರು. "ಹುಟ್ಟಿದಾಗಿಂದ ಆ ಕಡಿಂದೇ ಬಂದೀನಿ."

ಆಗ ಗುಡಿಯ ಕಡೆಯಿಂದ ಡ್ರಮ್ಮಿನ ಸದ್ದು ಎದ್ದಿತು. ಅದರ ಮೇಲೆ, ಓಣಿಯ ಮನೆಗಳ ಮೇಲೆ ಹಾಯ್ದು, ಕ್ಲಾರಿನೆಟ್ ಬಂತು. ಮಾಸ್ತರರು ಆ ಕಡೆ ತಿರುಗಿದರು. ಎಷ್ಟೋ ಊರುಗಳ ಎಷ್ಟೋ ಮದುಮಕ್ಕಳನ್ನು ಅವರು ಬಾಗಿಲವರೆಗೆ ತಂದು ಬಿಟ್ಟಿದ್ದರು. ತಮ್ಮ ವಾದ್ಯ ದೂರದಿಂದ ಹತ್ತಿರ ಬರುವುದನ್ನು ಬಾಗಿಲಲ್ಲಿ ನಿಂತು ಒಮ್ಮೆಯೂ ಕೇಳಿರಲಿಲ್ಲ.

"ಹಿಂಗ ಕೇಳಸ್ತದೇನ್ರಿ ಇದು?" ಎಂದು ನನ್ನನ್ನು ಕೇಳಿದರು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ಜನ ನನಗ ಸುಳ್ಳ ಹೇಳಿದ್ದಿಲ್ಲ ನೋಡ್ರಿ. ಛಂದ ಅದ."

ಮೆರವಣಿಗೆ ತಿರುವಿನಲ್ಲಿ ಕಾಣಿಸಿತು. ಜಾರುಸ್ವರ ಬಂದ ಕಡೆಯಲ್ಲೆಲ್ಲ ಹಿರಿಮಗಳು ತಲೆಯೆತ್ತಿ ಅಪ್ಪನನ್ನು ಹುಡುಕುತ್ತಿದ್ದಳು. ಮಾಸ್ತರರ ಹತ್ತೂ ಬೆರಳು ತಮ್ಮಷ್ಟಕ್ಕೆ ತಾವೇ ಹಾರದ ಮೇಲೆ ಆಡತೊಡಗಿದ್ದವು, ಒಂದು ರಂಧ್ರ ಮುಚ್ಚಿ, ಇನ್ನೊಂದು ಬಿಟ್ಟು. ಒಂದೊಂದು ಸ್ವರಕ್ಕೂ ನಾಲ್ಕು ಎಸಳು ಉದುರುತ್ತಿದ್ದವು. ಮದುಮಗ ಬಾಗಿಲಿಗೆ ಬಂದು ತಲೆ ಬಾಗಿಸಿ ನಿಂತಾಗ ಅವರ ಕೈಯಲ್ಲಿ ಉಳಿದದ್ದು ದಾರ ಮತ್ತು ಹತ್ತಿಪ್ಪತ್ತು ಹೂವು. ಅವರ ಹೆಂಡತಿ ಒಳಗಿನಿಂದ ನೋಡಿ, "ಅಯ್ಯ, ಹಾರ ಎಲ್ಲಿ ಹೋಯ್ತರಿ!" ಎಂದು ಇನ್ನೊಂದು ಹಾರಕ್ಕೆ ಓಡಿದರು. ಅದು ಬರುವವರೆಗೆ ಯಾರೂ ಮುಂದೆ ಹೋಗುವಂತಿರಲಿಲ್ಲ. ಮಾಸ್ತರರು ಕೈಯೆತ್ತಿ ತಳ್ಳುಗಾಡಿಯ ಕಡೆ ಸನ್ನೆ ಮಾಡಿದರು: ನುಡಿಸು, ಇನ್ನೊಂದು ಸಲ, ಮೊದಲಿನಿಂದ.